ಆಟಗಾರನ ಬೆಲೆ ಮತ್ತು ತಂಡದ ನಂಟು

೨೦೨೫ನೆಯ ಇಸವಿಯ ಏಪ್ರಿಲ್ ೨ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಪಂದ್ಯವೊಂದು ನಡೆಯಿತು. ಗುಜರಾತ್ ತಂಡದ ವೇಗದ ಬೌಲರ್ ಮಹಮ್ಮದ್ ಸಿರಾಜರು ಕೇವಲ ೧೯ ರನ್ನುಗಳನ್ನು ಕೊಟ್ಟು ಮೂರು ವಿಕೆಟ್ಟುಗಳನ್ನು ಪಡೆದರು; ಬೆಂಗಳೂರು ತಂಡ ಸೋತಿತು. ಹಿಂದಿನ ಏಳು ಋತುಗಳಲ್ಲಿ ಇದೇ ಸಿರಾಜರು ಬೆಂಗಳೂರಿನ ಪರವಾಗಿ ಆಡಿದ್ದವರು. ಎಂಟು ದಿನಗಳ ಅನಂತರ ಅದೇ ಅಂಗಳದಲ್ಲಿ ದೆಹಲಿ ತಂಡದ ಕೆ. ಎಲ್. ರಾಹುಲರು ಔಟಾಗದೆ ೯೩ ರನ್ನುಗಳನ್ನು ಹೊಡೆದು ಬೆಂಗಳೂರನ್ನು ಮತ್ತೊಮ್ಮೆ ಸೋಲಿಸಿದರು. ಅವರು ಕರ್ನಾಟಕದಲ್ಲಿಯೇ ಆಟ ಕಲಿತು ಬೆಳೆದವರು. ೨೦೧೩ರಿಂದ ಈಚೆಗೆ ಬೆಂಗಳೂರು, ಹೈದರಾಬಾದು, ಪಂಜಾಬು, ಲಖನೌ, ದೆಹಲಿ ಎಂದು ಐದು ತಂಡಗಳ ಅಂಗಿಯನ್ನು ತೊಟ್ಟವರು.

ಇಂತಹ ಸಂದರ್ಭಗಳಲ್ಲಿ ನಾವು ಸಾಮಾನ್ಯವಾಗಿ ಕೇಳುವ ಮಾತು ಒಂದೇ: “ಈಗಿನ ಆಟಗಾರರಿಗೆ ದುಡ್ಡೇ ದೊಡ್ಡಪ್ಪ, ತಂಡದ ಮೇಲೆ ಅಭಿಮಾನವೆಲ್ಲಿ ಬಂತು?” ಈ ಮಾತಿನಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಆಟಗಾರನು ತಂಡವನ್ನು ಬಿಡುವುದಕ್ಕೆ ಅವನ ಗುಣಸ್ವಭಾವಕ್ಕಿಂತ ಹೆಚ್ಚು ಬಲವಾದ ಕಾರಣವೊಂದು ಉಂಟು. ಅದು ತಂಡಗಳ ಮೇಲೆ ವಿಧಿಸಿರುವ ವೇತನ ಮಿತಿ. ಈ ಮಿತಿಯೆಂದರೇನು, ಅದನ್ನು ಏತಕ್ಕಾಗಿ ವಿಧಿಸುತ್ತಾರೆ, ಅದರಿಂದ ನಿಷ್ಠೆಗೂ ತಂಡದ ಸ್ಥಿರತೆಗೂ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಒಂದು ಸಣ್ಣ ಲೆಕ್ಕ

ಕೋಟಿಗಳ ಮಾತನ್ನು ಸದ್ಯಕ್ಕೆ ಬದಿಗಿಟ್ಟು ಒಂದು ಊಹೆಯನ್ನು ಮಾಡೋಣ. ಸಕಲೇಶಪುರ ಸೀಮೆಯ ಕಾಫಿ ತೋಟಗಳ ನಡುವೆ ಇರುವ ವನಗೂರಿನಲ್ಲಿ ಒಂದು ಕಬಡ್ಡಿ ಪಂದ್ಯಾವಳಿ ಏರ್ಪಡುತ್ತದೆಂದು ಇಟ್ಟುಕೊಳ್ಳಿ. ವನಗೂರು, ಹೆತ್ತೂರು, ಯಸಳೂರು, ಬಾಳ್ಳುಪೇಟೆ, ಆಲೂರು ಮುಂತಾದ ಎಂಟು ಊರುಗಳ ತಂಡಗಳು ಸೇರುತ್ತವೆ. ಯಾವ ತಂಡವೂ ತನ್ನ ಏಳು ಮಂದಿ ಆಟಗಾರರಿಗಾಗಿ ೧೦೦ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದು. ಆಟಗಾರರನ್ನು ಹರಾಜಿನಲ್ಲಿ ಕೂಗಿ ಕೊಳ್ಳಬೇಕು. ಹೀಗಾದರೆ ಒಬ್ಬ ಆಟಗಾರನಿಗೆ ಸರಾಸರಿ ೧೪ ರೂಪಾಯಿ ಬೀಳುತ್ತದೆ.

ವನಗೂರಿನವರು ಯಾರಿಗೂ ಪರಿಚಯವಿಲ್ಲದ ಇಬ್ಬರು ಹುಡುಗರನ್ನು ೮ ಮತ್ತು ೧೦ ರೂಪಾಯಿಗಳಿಗೆ ಕೊಂಡರು. ಅವರಿಗೆ ಎರಡು ವರ್ಷ ತಾಲೀಮು ಕೊಟ್ಟರು. ಹುಡುಗರು ಪಳಗಿದರು, ತಂಡ ಗೆದ್ದಿತು. ಮುಂದಿನ ಹರಾಜಿನ ವೇಳೆಗೆ ಅವರ ಬೆಲೆ ೩೦ ಮತ್ತು ೨೬ ರೂಪಾಯಿಗಳಿಗೆ ಏರಿತು. ಇಬ್ಬರನ್ನೂ ಉಳಿಸಿಕೊಳ್ಳಬೇಕಾದರೆ ೫೬ ರೂಪಾಯಿ ಬೇಕು. ಉಳಿದ ಐದು ಮಂದಿಗೆ ದೊರೆಯುವುದು ೪೪ ರೂಪಾಯಿ, ಅಂದರೆ ತಲೆಗೆ ೯ ರೂಪಾಯಿಗೂ ಕಡಮೆ. ಅಷ್ಟು ಬೆಲೆಗೆ ಒಳ್ಳೆಯ ಆಟಗಾರರು ಸಿಕ್ಕುವುದಿಲ್ಲ. ಆದುದರಿಂದ ಹುಡುಗರಿಗೆ ಊರು ಬಿಡುವ ಮನಸ್ಸಿಲ್ಲದಿದ್ದರೂ, ಊರಿಗೆ ಅವರನ್ನು ಕಳುಹಿಸುವ ಮನಸ್ಸಿಲ್ಲದಿದ್ದರೂ, ಒಬ್ಬನಾದರೂ ಹೊರಡಲೇಬೇಕು. ಅವನು ಉಳಿಯಬೇಕಾದರೆ ಒಂದೇ ದಾರಿ: ಬೇರೆ ಊರಿನವರು ೨೬ ರೂಪಾಯಿ ಕೊಡಲು ಸಿದ್ಧರಾಗಿರುವಾಗ ಅವನು ೧೫ಕ್ಕೆ ಒಪ್ಪಬೇಕು.

ಮಿತಿಯ ಸ್ವಭಾವ ಇಷ್ಟರಿಂದಲೇ ಸ್ಪಷ್ಟವಾಗುತ್ತದೆ. ಮಿತಿ ಇರುವಲ್ಲಿ ತಂಡವು ತನ್ನ ಆಟಗಾರನನ್ನು ಎಷ್ಟು ಚೆನ್ನಾಗಿ ಬೆಳೆಸಿದರೆ ಅವನನ್ನು ಕಳೆದುಕೊಳ್ಳುವ ಸಂಭವವೂ ಅಷ್ಟೇ ಹೆಚ್ಚು.

ಹಾಗಾದರೆ ಮಿತಿ ಏಕೆ ಬೇಕು?

ಕಾಫಿ ಬೆಳೆಗಾರನೊಬ್ಬನಿಗೆ ನೆರೆಯ ತೋಟದಲ್ಲಿ ಫಸಲು ಕೆಟ್ಟರೆ ನಷ್ಟವೇನೂ ಇಲ್ಲ. ತನ್ನ ಮಾಲಿಗೆ ಬೇಡಿಕೆಯೇ ಹೆಚ್ಚೀತು. ಆಟದ ತಂಡದ ಸ್ಥಿತಿ ಹಾಗಲ್ಲ. ಎದುರಾಳಿ ತೀರ ದುರ್ಬಲನಾದರೆ ಪಂದ್ಯವನ್ನು ನೋಡಲು ಯಾರೂ ಬರುವುದಿಲ್ಲ. ೧೯೬೪ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ವಾಲ್ಟರ್ ನೀಲ್ ಎಂಬುವರು ಈ ವೈಚಿತ್ರ್ಯವನ್ನು ವಿವರಿಸಿದರು. ಮುಷ್ಟಿಯುದ್ಧದ ಜಗಜ್ಜಟ್ಟಿ ಜೋ ಲೂಯಿಯ ಸಂಪಾದನೆಗೆ ಮ್ಯಾಕ್ಸ್ ಶ್ಮೆಲಿಂಗನಂತಹ ಸಮಬಲದ ಎದುರಾಳಿ ಅಗತ್ಯ. ಎಲ್ಲರನ್ನೂ ನಿರ್ನಾಮ ಮಾಡಿದವನಿಗೆ ಆಡಲು ಆಟವೇ ಉಳಿಯುವುದಿಲ್ಲ ಎಂಬುದು ಅವರ ವಾದದ ಸಾರ.

ನಿಷ್ಠೆಯೊಂದರಿಂದಲೇ ಸಮಬಲ ಬರುವುದಿಲ್ಲವೆಂಬುದಕ್ಕೆ ನಮ್ಮ ದೇಶದ ರಣಜಿ ಪಂದ್ಯಾವಳಿಯೇ ಸಾಕ್ಷಿ. ಆ ಕಾಲದಲ್ಲಿ ಹರಾಜಿರಲಿಲ್ಲ. ಆಟಗಾರರು ಬಹುಮಟ್ಟಿಗೆ ತಮ್ಮ ತಮ್ಮ ಪ್ರಾಂತದ ತಂಡಗಳಿಗೇ ಆಡುತ್ತಿದ್ದರು. ಆದರೂ ೧೯೫೮-೫೯ರಿಂದ ೧೯೭೨-೭೩ರವರೆಗೆ ಸತತವಾಗಿ ೧೫ ವರ್ಷ ಬೊಂಬಾಯಿಯೇ ಪ್ರಶಸ್ತಿಯನ್ನು ಗೆದ್ದಿತು. ೧೯೭೩-೭೪ರಲ್ಲಿ ಎರಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕವು ಬೆಂಗಳೂರಿನ ಸೆಮಿಫೈನಲಿನಲ್ಲಿ ಆ ಸರಪಳಿಯನ್ನು ಕಡಿದು, ಮುಂದೆ ಪ್ರಶಸ್ತಿಯನ್ನೂ ಪಡೆಯಿತು. ಆ ಗೆಲವಿನ ಸವಿ ಹಿರಿಯರ ನಾಲಗೆಯಲ್ಲಿ ಇನ್ನೂ ಉಳಿದಿರುವುದಕ್ಕೆ ಹದಿನೈದು ವರ್ಷಗಳ ಹಸಿವೂ ಒಂದು ಕಾರಣ. ತಂಡಗಳ ವೇತನಕ್ಕೆ ಅಮೆರಿಕದ ಮಾದರಿಯ ಮಿತಿಯಿಲ್ಲದ ಜರ್ಮನಿಯ ಕಾಲ್ಚೆಂಡಿನ ಲೀಗಿನಲ್ಲಿಯೂ ೨೦೧೩ರಿಂದ ೨೦೨೩ರವರೆಗೆ ಹನ್ನೊಂದು ವರ್ಷ ಬಾಯರ್ನ್ ಮ್ಯೂನಿಕ್ ಒಂದೇ ಗೆಲ್ಲುತ್ತಾ ಬಂದಿತು.

ಸಮಬಲವನ್ನು ಅಳೆಯುವ ಬಗೆ

ಸಮಬಲವೆಂಬುದು ಬರಿಯ ಅನಿಸಿಕೆಯಲ್ಲ, ಅದನ್ನು ಅಳೆಯಬಹುದು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಎಲ್ಲ ತಂಡಗಳೂ ಸರಿಸಮಾನವಾಗಿದ್ದರೆ ಪ್ರತಿ ಪಂದ್ಯವೂ ನಾಣ್ಯವನ್ನು ಚಿಮ್ಮಿದಂತೆಯೇ ಸರಿ; ಗೆಲವಿಗೂ ಸೋಲಿಗೂ ಸಮಾನ ಅವಕಾಶ. ನಾಣ್ಯವನ್ನು ೧೪ ಸಲ ಚಿಮ್ಮಿದರೆ ಸರಾಸರಿ ೭ ಸಲ ರಾಜನ ಮುಖ ಬೀಳಬೇಕು. ಆದರೆ ಪ್ರತಿ ಬಾರಿಯೂ ಸರಿಯಾಗಿ ೭ ಬೀಳುವುದಿಲ್ಲ. ೫, ೬, ೮, ೯ ಎಂದು ಆಚೀಚೆ ಸರಿಯುತ್ತದೆ. ಈ ಚದರುವಿಕೆಯ ಅಳತೆಗೆ ಸಂಖ್ಯಾಶಾಸ್ತ್ರದಲ್ಲಿ ಮಾನಕ ವಿಚಲನೆಯೆಂದು ಹೆಸರು. ನಾಣ್ಯದ ವಿಷಯದಲ್ಲಿ ಅದು ಚಿಮ್ಮಿದ ಸಂಖ್ಯೆಯ ವರ್ಗಮೂಲದ ಅರ್ಧ. ೧೪ರ ವರ್ಗಮೂಲ ೩.೭೪, ಅದರ ಅರ್ಧ ೧.೮೭. ಒಂದು ಗೆಲವಿಗೆ ಎರಡು ಅಂಕಗಳಾದುದರಿಂದ ಅಂಕಗಳಲ್ಲಿ ಈ ಅಳತೆ ೩.೭೪ ಆಗುತ್ತದೆ.

ಈಗ ೨೦೨೫ರ ಇಂಡಿಯನ್ ಪ್ರೀಮಿಯರ್ ಲೀಗನ್ನು ನೋಡಿ. ಪ್ರತಿ ತಂಡಕ್ಕೂ ೧೪ ಪಂದ್ಯಗಳು. ಹತ್ತು ತಂಡಗಳು ಪಡೆದ ಅಂಕಗಳು ಕ್ರಮವಾಗಿ ೧೯, ೧೯, ೧೮, ೧೬, ೧೫, ೧೩, ೧೨, ೧೨, ೮, ೮. ಸರಾಸರಿ ೧೪. ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಕಂಡುಹಿಡಿದು, ಆ ಅಂತರಗಳನ್ನು ವರ್ಗ ಮಾಡಿ ಕೂಡಿದರೆ ೧೫೨. ಹತ್ತರಿಂದ ಭಾಗಿಸಿದರೆ ೧೫.೨, ಅದರ ವರ್ಗಮೂಲ ೩.೯. ನಾಣ್ಯ ಚಿಮ್ಮಿದ್ದರೆ ೩.೭೪, ಆಡಿದಾಗ ೩.೯. ವ್ಯತ್ಯಾಸ ಬಹಳ ಅಲ್ಪ! ಆ ವರ್ಷ ತಂಡಗಳು ಸಮಬಲಕ್ಕೆ ಎಷ್ಟು ಹತ್ತಿರವಾಗಿದ್ದುವೆಂಬುದು ಇದರಿಂದ ಗೊತ್ತಾಗುತ್ತದೆ.

ಆದರೆ ಇಷ್ಟರಿಂದಲೇ ಎಲ್ಲ ಕೀರ್ತಿಯನ್ನೂ ಮಿತಿಗೆ ಕೊಡಲಾಗದು. ಇಪ್ಪತ್ತು ಓವರುಗಳ ಆಟದಲ್ಲಿ ಅದೃಷ್ಟದ ಪಾಲು ಹೆಚ್ಚು. ಮೇಲಾಗಿ ಇದು ಒಂದೇ ವರ್ಷದ ಲೆಕ್ಕ. ಮಿತಿಯು ಸಮಬಲಕ್ಕೆ ನೆರವಾಗುತ್ತದೆ ಎನ್ನುವಷ್ಟಕ್ಕೆ ನಾವು ನಿಲ್ಲುವುದು ಉಚಿತ.

ಎರಡು ಬಗೆಯ ಮಿತಿಗಳು

ಮಿತಿಯಲ್ಲಿ ಎರಡು ವಿಧ. ಒಂದು ಆಟಗಾರನೊಬ್ಬನ ಸಂಬಳಕ್ಕೆ ಹಾಕುವ ಮಿತಿ. ಇನ್ನೊಂದು ಇಡೀ ತಂಡದ ಖರ್ಚಿಗೆ ಹಾಕುವ ಮಿತಿ. ಇವುಗಳ ಫಲ ಬೇರೆ ಬೇರೆ.

ಮೊದಲನೆಯ ವಿಧವು ಇಂಗ್ಲೆಂಡಿನ ಕಾಲ್ಚೆಂಡಿನಲ್ಲಿ ಅರವತ್ತು ವರ್ಷಗಳಷ್ಟು ಕಾಲ ಜಾರಿಯಲ್ಲಿತ್ತು. ೧೯೦೧ರಲ್ಲಿ ವಾರಕ್ಕೆ ೪ ಪೌಂಡಿನ ಮಿತಿಯಿಂದ ಆರಂಭವಾಗಿ, ೧೯೫೮ರ ವೇಳೆಗೆ ೨೦ ಪೌಂಡಿಗೆ ಬಂದಿತ್ತು. ಎಲ್ಲಿ ಆಡಿದರೂ ಸಂಬಳ ಅಷ್ಟೇ. ಒಪ್ಪಂದದ ಅವಧಿ ಮುಗಿದರೂ ತಂಡವು ಒಪ್ಪದೆ ಆಟಗಾರನು ಬೇರೆಡೆಗೆ ಹೋಗುವಂತಿರಲಿಲ್ಲ. ಪ್ರೆಸ್ಟನ್ ತಂಡದ ಟಾಮ್ ಫಿನ್ನಿ ಆ ಕಾಲದ ಶ್ರೇಷ್ಠ ಆಟಗಾರರಲ್ಲಿ ಒಬ್ಬರು. ಜೊತೆಗೆ ಕೊಳಾಯಿ ಕೆಲಸವನ್ನೂ ಮಾಡುತ್ತಿದ್ದವರು. ೧೯೫೨ರಲ್ಲಿ ಇಟಲಿಯ ಪಲೆರ್ಮೊ ತಂಡವು ಅವರಿಗೆ ಭಾರಿ ಮೊತ್ತವನ್ನು ಕೊಡಲು ಮುಂದೆ ಬಂದಾಗ ಪ್ರೆಸ್ಟನ್ನಿನವರು ಬಿಡಲಿಲ್ಲ. ಅವರು ಕೊನೆಯವರೆಗೂ ಅಲ್ಲಿಯೇ ಆಡಿದರು. ಅದನ್ನು ನಾವು ಇಂದು ನಿಷ್ಠೆಯೆಂದು ಕೊಂಡಾಡುತ್ತೇವೆ. ಅವರಿಗೆ ಊರಿನ ಮೇಲೆ ಪ್ರೀತಿಯಿದ್ದುದು ನಿಜ. ಆದರೆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದುದೂ ಅಷ್ಟೇ ನಿಜ. ೧೯೬೧ರ ಜನವರಿಯಲ್ಲಿ ಆಟಗಾರರ ಸಂಘದ ಹೋರಾಟದಿಂದ ಈ ಮಿತಿ ರದ್ದಾಯಿತು. ಕೂಡಲೆ ಫುಲ್‌ಹ್ಯಾಮ್ ತಂಡವು ತನ್ನ ಜಾನಿ ಹೇನ್ಸ್‌ಗೆ ವಾರಕ್ಕೆ ೧೦೦ ಪೌಂಡು ಸಂಬಳ ಕೊಟ್ಟಿತು. ಹೇನ್ಸರೂ ಫುಲ್‌ಹ್ಯಾಮನ್ನು ಬಿಡದೆ ಅಲ್ಲಿಯೇ ಉಳಿದರು. ಆದರೆ ಈ ಉಳಿಯುವಿಕೆಗೆ ಬೆಲೆ ಸಂದಿತ್ತು.

ಇಂತಹ ಕಟ್ಟುಪಾಡುಗಳ ಬಗ್ಗೆ ೧೯೫೬ರಲ್ಲಿ ಸೈಮನ್ ರಾಟೆನ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಸೂಕ್ಷ್ಮವನ್ನು ತೋರಿಸಿದರು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿಯೂ ಆಟಗಾರನನ್ನು ತಂಡಕ್ಕೆ ಕಟ್ಟಿಹಾಕುವ ನಿಯಮವಿತ್ತು. ಅದಿಲ್ಲದಿದ್ದರೆ ಶ್ರೀಮಂತ ತಂಡಗಳು ಒಳ್ಳೆಯವರನ್ನೆಲ್ಲ ಸೆಳೆದುಕೊಳ್ಳುತ್ತವೆಂದು ಮಾಲಿಕರು ಹೇಳುತ್ತಿದ್ದರು. ಆದರೆ ಮಾಲಿಕರೇ ಆಟಗಾರರನ್ನು ಮಾರಬಹುದಾಗಿತ್ತಲ್ಲ! ಆದುದರಿಂದ ಆಟಗಾರನು ಕೊನೆಗೆ ಯಾವ ತಂಡಕ್ಕೆ ಅವನಿಂದ ಅತ್ಯಂತ ಲಾಭವೋ ಅಲ್ಲಿಗೇ ಸೇರುತ್ತಾನೆ. ನಿಯಮದಿಂದ ಬದಲಾಗುವುದು ಹಣವು ಯಾರ ಜೇಬಿಗೆ ಹೋಗುತ್ತದೆ ಎಂಬುದು ಮಾತ್ರ ಎಂದು ಅವರು ವಾದಿಸಿದರು.

ಎರಡನೆಯ ವಿಧವಾದ ತಂಡದ ಮಿತಿಯ ಪರಿಣಾಮ ಇದಕ್ಕಿಂತ ಆಳವಾದುದು. ಹಣವೆಷ್ಟಿದ್ದರೂ ಇಲ್ಲಿ ಖರ್ಚು ಮಾಡುವಂತಿಲ್ಲವಾದುದರಿಂದ ಪ್ರತಿಭೆಯು ನಿಜವಾಗಿ ಹಂಚಿಹೋಗುತ್ತದೆ. ಅದರೊಡನೆ ತಂಡಗಳೂ ಒಡೆಯುತ್ತವೆ.

ಬೆಂಗಳೂರಿನ ಲೆಕ್ಕ

೨೦೦೮ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗು ಆರಂಭವಾದಾಗ ತಂಡವೊಂದರ ಮಿತಿ ೫೦ ಲಕ್ಷ ಡಾಲರು. ಊರಿನ ಅಭಿಮಾನವನ್ನು ಉಳಿಸುವುದಕ್ಕಾಗಿ ಕೆಲವು ತಂಡಗಳಿಗೆ ತಮ್ಮ ನಾಡಿನ ಹೆಸರಾಂತ ಆಟಗಾರನೊಬ್ಬನನ್ನು ಹರಾಜಿಲ್ಲದೆ ಕೊಟ್ಟಿದ್ದರು. ಹಾಗೆ ಬೆಂಗಳೂರಿಗೆ ದೊರೆತವರು ರಾಹುಲ್ ದ್ರಾವಿಡರು. ಅದೇ ವರ್ಷ ಹತ್ತೊಂಬತ್ತು ವರ್ಷದೊಳಗಿನವರ ಸಾಲಿನಿಂದ ಕೇವಲ ೩೦ ಸಾವಿರ ಡಾಲರಿಗೆ ವಿರಾಟ್ ಕೊಹ್ಲಿ ಎಂಬ ದೆಹಲಿಯ ಹುಡುಗನೂ ತಂಡವನ್ನು ಸೇರಿದನು. ೨೦೧೧ರಲ್ಲಿ ಮತ್ತೆ ದೊಡ್ಡ ಹರಾಜು ಬಂದಿತು. ಮಿತಿ ೯೦ ಲಕ್ಷ ಡಾಲರು. ಮೊದಲನೆಯವನಾಗಿ ಉಳಿಸಿಕೊಂಡ ಆಟಗಾರನಿಗಾಗಿ ೧೮ ಲಕ್ಷ ಕಳೆಯಬೇಕು. ಬೆಂಗಳೂರು ಉಳಿಸಿಕೊಂಡುದು ಕೊಹ್ಲಿಯೊಬ್ಬರನ್ನೇ. ದ್ರಾವಿಡರು ೫ ಲಕ್ಷ ಡಾಲರಿಗೆ ರಾಜಸ್ಥಾನಕ್ಕೆ ಹೋದರು. ಕನ್ನಡಿಗರಾದ ದ್ರಾವಿಡರು ರಾಜಸ್ಥಾನದವರಾದರು, ದೆಹಲಿಯ ಕೊಹ್ಲಿ ಬೆಂಗಳೂರಿನವರಾದರು. ಊರಿನ ನಂಟಿಗಿಂತ ಹರಾಜಿನ ಲೆಕ್ಕ ಬಲವಾಯಿತು.

ಕೊಹ್ಲಿಯವರನ್ನು ಉಳಿಸಿಕೊಳ್ಳಲು ಬೆಂಗಳೂರು ೨೦೧೮ರಲ್ಲಿ ೧೭ ಕೋಟಿ, ೨೦೨೨ರಲ್ಲಿ ೧೫ ಕೋಟಿ, ೨೦೨೫ರಲ್ಲಿ ೨೧ ಕೋಟಿ ರೂಪಾಯಿಗಳನ್ನು ವಿನಿಯೋಗಿಸಿತು. ಆಯಾ ವರ್ಷದ ಮಿತಿ ೮೦, ೯೦, ೧೨೦ ಕೋಟಿ. ಅಂದರೆ ತಂಡದ ಒಟ್ಟು ಹಣದಲ್ಲಿ ಸುಮಾರು ಐದರಲ್ಲೊಂದರಿಂದ ಆರರಲ್ಲೊಂದರಷ್ಟು ಭಾಗ ಒಬ್ಬರಿಗೇ ಮೀಸಲು. ೨೦೨೫ಕ್ಕೆ ಮುನ್ನ ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಈ ಮೂವರನ್ನು ೩೭ ಕೋಟಿಗೆ ಉಳಿಸಿಕೊಂಡು, ಉಳಿದ ೮೩ ಕೋಟಿಯೊಡನೆ ತಂಡವು ಹರಾಜಿಗೆ ಹೊರಟಿತು. ೨೦೨೪ರ ನವೆಂಬರ್ ೨೪ರಂದು ಸಿರಾಜರ ಬೆಲೆ ೧೨ ಕೋಟಿ ೨೫ ಲಕ್ಷಕ್ಕೆ ಏರಿದಾಗ ಅವರನ್ನು ಮರಳಿ ಪಡೆಯಲು ಮುಂದಾಗುವ ಹಕ್ಕು ಬೆಂಗಳೂರಿಗಿತ್ತು, ಅದನ್ನು ಬಳಸಲಿಲ್ಲ. ಅದೇ ದಿನ ೧೨ ಕೋಟಿ ೫೦ ಲಕ್ಷಕ್ಕೆ ಆಸ್ಟ್ರೇಲಿಯದ ಜಾಷ್ ಹೇಜಲ್‌ವುಡ್ಡರನ್ನು ಕೊಂಡಿತು. ಮಿತಿ ಇಲ್ಲದಿದ್ದರೆ ಇಬ್ಬರನ್ನೂ ಇಟ್ಟುಕೊಳ್ಳಬಹುದಾಗಿತ್ತು. ಮಿತಿಯು ತಂಡವನ್ನು ಆಯ್ಕೆಗೆ ನೂಕುತ್ತದೆ. ಆಯ್ಕೆಯು ಒಬ್ಬರನ್ನು ಹೊರಗೆ ಕಳುಹಿಸುತ್ತದೆ.

ಅರ್ಧ ಗಂಟು ಒಬ್ಬನಿಗೇ

ಕಬಡ್ಡಿಯಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಪ್ರೊ ಕಬಡ್ಡಿ ಲೀಗಿನ ಆರನೆಯ ಋತುವಿಗೆ ಬೆಂಗಳೂರು ಬುಲ್ಸ್ ತಂಡವು ಪವನ್ ಸೆಹ್ರಾವತ್ ಎಂಬ ರೈಡರನನ್ನು ೫೨ ಲಕ್ಷ ೮೦ ಸಾವಿರ ರೂಪಾಯಿಗಳಿಗೆ ಪಡೆಯಿತು. ತಂಡದ ಮಿತಿ ೪ ಕೋಟಿ. ಅವರ ಪಾಲು ನೂರಕ್ಕೆ ೧೩. ಆ ಋತುವಿನಲ್ಲಿ ಅವರು ಲೀಗಿನಲ್ಲಿಯೇ ಅತ್ಯಧಿಕ ರೈಡ್ ಅಂಕಗಳನ್ನು ಗಳಿಸಿದರು. ೨೦೧೯ರ ಜನವರಿ ೫ರ ಫೈನಲಿನಲ್ಲಿ ಗುಜರಾತನ್ನು ೩೮-೩೩ರಿಂದ ಸೋಲಿಸಿ ಬೆಂಗಳೂರು ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ಕಡಮೆ ಬೆಲೆಗೆ ದೊರೆತ ದೊಡ್ಡ ಪ್ರತಿಭೆಯೇ ಮಿತಿಯುಳ್ಳ ಲೀಗಿನಲ್ಲಿ ನಿಜವಾದ ಐಶ್ವರ್ಯ.

ಆದರೆ ಬೆಲೆ ಏರದೆ ಇರಲಿಲ್ಲ. ೨೦೨೨ರಲ್ಲಿ ತಮಿಳ್ ತಲೈವಾಸ್ ಅವರಿಗೆ ಸುಮಾರು ೨ ಕೋಟಿ ೨೬ ಲಕ್ಷ ಕೊಟ್ಟಿತು. ಮಿತಿ ೪ ಕೋಟಿ ೪೦ ಲಕ್ಷ. ಅಂದರೆ ಅರ್ಧಕ್ಕೂ ಮಿಗಿಲಾದ ಗಂಟು ಒಬ್ಬರಿಗೆ. ಮೊದಲ ಪಂದ್ಯದಲ್ಲಿಯೇ ಅವರ ಮೊಣಕಾಲಿಗೆ ಪೆಟ್ಟು ಬಿದ್ದು ಇಡೀ ಋತುವನ್ನು ಕಳೆದುಕೊಂಡರು. ಆಶ್ಚರ್ಯವೆಂದರೆ ಉಳಿದ ಎಳೆಯ ಆಟಗಾರರೇ ಆ ತಂಡವನ್ನು ಮೊದಲ ಬಾರಿಗೆ ಸೆಮಿಫೈನಲಿಗೆ ಒಯ್ದರು. ೨೦೨೩ರಲ್ಲಿ ತೆಲುಗು ಟೈಟಾನ್ಸ್ ೫ ಕೋಟಿಯ ಮಿತಿಯಲ್ಲಿ ೨ ಕೋಟಿ ೬೦ ಲಕ್ಷಕ್ಕೂ ಹೆಚ್ಚು ಕೊಟ್ಟು ಅವರನ್ನು ಕೊಂಡಿತು. ಆ ಋತುವಿನಲ್ಲಿ ಪವನ್ ಆಡಿದರು. ಆದರೂ ತಂಡವು ೨೨ ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನದಲ್ಲಿ ನಿಂತಿತು. ಆ ತಂಡ ಮೊದಲೂ ಬಲಹೀನವೇ ಆಗಿತ್ತು, ನಿಜ. ಆದರೂ ಏಳು ಮಂದಿಯ ಆಟದಲ್ಲಿ ಒಬ್ಬನು ಅರ್ಧ ಗಂಟನ್ನು ಒಯ್ದರೆ ಆರು ಮಂದಿ ಉಳಿದರ್ಧದಲ್ಲಿ ಬಾಳಬೇಕು. ಈ ನಷ್ಟವನ್ನು ಭರಿಸುವವರು ಹೆಸರಿಲ್ಲದ ಮಧ್ಯಮ ದರ್ಜೆಯ ಆಟಗಾರರು. ಹರಾಜಿನಲ್ಲಿ ಅವರ ಬೆಲೆಯೇ ಮೊದಲು ಕುಸಿಯುತ್ತದೆ. ಊರೂರು ಅಲೆಯುವವರೂ ಅವರೇ.

ಸ್ಥಿರತೆಯ ಬೆಲೆ

ತಂಡವೆಂಬುದು ಬೆಲೆಗಳ ಮೊತ್ತವಲ್ಲ. ಕಬಡ್ಡಿಯಲ್ಲಿ ಕೈಕೈ ಹಿಡಿದು ಎದುರಾಳಿಯನ್ನು ಸುತ್ತುಗಟ್ಟುವ ಇಬ್ಬರು ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರು ಬಲ್ಲವರಾಗಿರಬೇಕು. ಈ ಹೊಂದಾಣಿಕೆ ಹರಾಜಿನಲ್ಲಿ ಸಿಕ್ಕುವ ಪದಾರ್ಥವಲ್ಲ; ಕೂಡಿ ಆಡಿದ ವರ್ಷಗಳಿಂದ ಬರತಕ್ಕದ್ದು. ಇಂಡಿಯನ್ ಪ್ರೀಮಿಯರ್ ಲೀಗಿನ ಮೊದಲ ೧೮ ಋತುಗಳಲ್ಲಿ ಎಂಟು ತಂಡಗಳು ಪ್ರಶಸ್ತಿ ಪಡೆದಿದ್ದರೂ ಅವುಗಳಲ್ಲಿ ಹತ್ತು ಪ್ರಶಸ್ತಿಗಳು ಚೆನ್ನೈ ಮತ್ತು ಮುಂಬಯಿ ತಂಡಗಳಿಗೇ, ತಲೆಗೆ ಐದರಂತೆ, ಸಂದಿವೆ. ಮಿತಿ ಎಲ್ಲರಿಗೂ ಒಂದೇ ಆಗಿರುವಾಗ ಅವು ಮುಂದೆ ಬಂದುದಕ್ಕೆ ಬಹುಕಾಲ ಒಟ್ಟಿಗಿದ್ದ ಆಟಗಾರರ ಬಳಗವೂ ಒಂದು ಕಾರಣವೆನ್ನಬಹುದು.

ಆದರೆ ಪ್ರತಿವಾದವೂ ಉಂಟು. ೨೦೨೪ರಲ್ಲಿ ಮುಂಬಯಿಯೂ ೨೦೨೫ರಲ್ಲಿ ಚೆನ್ನೈಯೂ ಕೊನೆಯ ಸ್ಥಾನಕ್ಕೆ ಇಳಿದುವು. ೧೭ ಋತುಗಳ ಕಾಲ ಕೊಹ್ಲಿಯವರನ್ನು ಇಟ್ಟುಕೊಂಡೂ ಗೆಲ್ಲದಿದ್ದ ಬೆಂಗಳೂರು, ೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ೬ ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಪಡೆದಾಗ, ಅಂದು ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ ಹಿಂದಿನ ವರ್ಷ ತಂಡದಲ್ಲಿದ್ದವರು ಮೂವರೇ. ಒಬ್ಬ ತಾರೆಯನ್ನು ಉಳಿಸಿಕೊಳ್ಳುವುದು ಬೇರೆ, ತಂಡವನ್ನು ಉಳಿಸಿಕೊಳ್ಳುವುದು ಬೇರೆ ಎಂಬುದನ್ನು ಈ ಎರಡು ಪಕ್ಷಗಳೂ ನಮಗೆ ಕಲಿಸುತ್ತವೆ.

ದಾರಿಗಳು

ಮಿತಿಯನ್ನೂ ನಂಟನ್ನೂ ಒಟ್ಟಿಗೆ ಉಳಿಸಲು ಸಾಧ್ಯವೇ? ಅಮೆರಿಕದ ಬಾಸ್ಕೆಟ್‌ಬಾಲ್ ಲೀಗು ೧೯೮೪ರಲ್ಲಿ ಮಿತಿಯನ್ನು ಜಾರಿಗೆ ತಂದಾಗ, ತನ್ನದೇ ಹಳೆಯ ಆಟಗಾರನನ್ನು ಉಳಿಸಿಕೊಳ್ಳಲು ತಂಡವು ಮಿತಿಯನ್ನು ಮೀರಬಹುದೆಂದು ವಿನಾಯಿತಿ ಕೊಟ್ಟಿತು. ಬಾಸ್ಟನ್ನಿನ ಲ್ಯಾರಿ ಬರ್ಡ್ ಎಂಬ ಆಟಗಾರನ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ನಿಷ್ಠೆಗೆ ಅದರಿಂದ ಅವಕಾಶವಾಯಿತು; ಆದರೆ ಮಿತಿಗೆ ತೂತೂ ಬಿದ್ದಿತು. ನಮ್ಮಲ್ಲಿಯೂ ೨೦೨೫ಕ್ಕೆ ಮುನ್ನ, ಐದು ವರ್ಷಗಳಿಂದ ಅಂತರರಾಷ್ಟ್ರೀಯ ಪಂದ್ಯವಾಡದ ಭಾರತೀಯ ಆಟಗಾರನನ್ನು ದೇಶಕ್ಕಾಗಿ ಆಡದವರ ಸಾಲಿಗೆ ಸೇರಿಸಿ ೪ ಕೋಟಿಗೆ ಉಳಿಸಿಕೊಳ್ಳಬಹುದೆಂಬ ನಿಯಮ ಬಂದಿತು. ಚೆನ್ನೈ ತಂಡವು ಮಹೇಂದ್ರ ಸಿಂಗ್ ಧೋನಿಯವರನ್ನು ಉಳಿಸಿಕೊಂಡುದು ಹೀಗೆಯೇ. ತಂಡವು ತಾನೇ ಎಳೆತನದಿಂದ ತರಬೇತು ಕೊಟ್ಟ ಒಬ್ಬಿಬ್ಬರ ಸಂಬಳದಲ್ಲಿ ಅರ್ಧವನ್ನು ಮಾತ್ರ ಮಿತಿಯೊಳಗೆ ಲೆಕ್ಕ ಹಿಡಿಯುವುದೂ ಒಂದು ಉಪಾಯ. ಆಗ ಬೆಳೆಸಿದವರಿಗೆ ಶಿಕ್ಷೆಯಾಗುವ ಬದಲು ಬಹುಮಾನ ದೊರೆಯುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮರೆಯಬಾರದು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಮಿತಿಯನ್ನು ಮಾಲಿಕರೂ ಆಟಗಾರರ ಸಂಘವೂ ಕೂಡಿ ಕುಳಿತು ಗೊತ್ತುಮಾಡುತ್ತವೆ; ಆದಾಯದಲ್ಲಿ ಆಟಗಾರರ ಪಾಲು ಇಷ್ಟೆಂದು ಬರೆದಿರುತ್ತದೆ. ನಮ್ಮ ಕ್ರಿಕೆಟ್ ಲೀಗಿನ ಮಿತಿಯನ್ನು ಗೊತ್ತುಮಾಡುವುದು ಆಡಳಿತ ವರ್ಗ. ತಂಡಗಳ ನಡುವೆ ನ್ಯಾಯವನ್ನು ತರುವ ನಿಯಮವು ಆಟಗಾರನಿಗೂ ನ್ಯಾಯವನ್ನು ತರುತ್ತದೆಯೇ ಎಂದು ಕೇಳುವವರು ಅಲ್ಲಿ ಇರಬೇಕು.

ಸಮಬಲದ ಪಂದ್ಯವೂ ಬೇಕು, ನಮ್ಮವನೂ ನಮ್ಮಲ್ಲಿಯೇ ಇರಬೇಕು ಎಂದು ನಾವು ಬಯಸುತ್ತೇವೆ. ಎರಡೂ ಒಳ್ಳೆಯ ಬಯಕೆಗಳೇ. ಆದರೆ ಒಂದಕ್ಕಾಗಿ ಇನ್ನೊಂದನ್ನು ಸ್ವಲ್ಪವಾದರೂ ಬಿಟ್ಟುಕೊಡಬೇಕಾಗುತ್ತದೆ. ಮುಂದಿನ ಹರಾಜಿನಲ್ಲಿ ನಿಮ್ಮ ಮೆಚ್ಚಿನ ಆಟಗಾರನು ಬೇರೆ ತಂಡಕ್ಕೆ ಹೋದಾಗ ಅವನನ್ನು ದೂಷಿಸುವುದಕ್ಕೆ ಮುನ್ನ ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡು ತಂಡದ ಮಿತಿ, ಅವನ ಬೆಲೆ, ಉಳಿದವರಿಗೆ ಉಳಿಯುವ ಹಣ ಇವಿಷ್ಟನ್ನು ಬರೆದು ನೋಡಿ. ಹಲವು ಸಲ ಉತ್ತರವು ಆ ಕಾಗದದ ಮೇಲೆಯೇ ಸಿಕ್ಕುತ್ತದೆ.